ಸರ್ಕಾರದ ಉಚಿತ ಹೆಪಟೈಟಿಸ್ ಸಿ ಚಿಕಿತ್ಸೆ: ಮಾತ್ರೆಗೆ ಐದು ಸ್ಟಾರ್, ರೋಗಿಯನ್ನು ಹುಡುಕುವ ಕೆಲಸಕ್ಕೆ ಎರಡು

ನಮ್ಮ ಅವ್ವನಿಗೆ ಹೆಪಟೈಟಿಸ್ ಸಿ, ಅಂದರೆ ಲಿವರ್ ಕೆಡಿಸುವ ಒಂದು ವೈರಸ್ ಕಾಯಿಲೆ, ಇತ್ತು. ಈಗ ಇಲ್ಲ. 84 ದಿನ ಮಾತ್ರೆ ನುಂಗಿದಳು, ಹೋಯಿತು. ಮಾತ್ರೆಗೆ ಒಂದು ರೂಪಾಯಿಯೂ ಕೊಡಲಿಲ್ಲ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ ಒಂದಿದೆ, 2018ರ ಜುಲೈ 28ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ಅದರಲ್ಲಿ ಸಿಕ್ಕ ಚಿಕಿತ್ಸೆ ಇದು. ದಾವಣಗೆರೆಯಲ್ಲಿ ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಈ ಚಿಕಿತ್ಸೆ ತಗೊಂಡು ಕನ್ನಡದಲ್ಲಿ ಬರೆದವರು ನನಗೆ ಒಬ್ಬರೂ ಸಿಗಲಿಲ್ಲ, ರಿಪೋರ್ಟ್ ಬಂದ ಮೇಲೆ ಎರಡು ವಾರ ರಾತ್ರಿಯೆಲ್ಲ ಮೊಬೈಲ್ ಹಿಡಿದು ಹುಡುಕಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೋದ ಸರ್ಕಾರಿ ಕೇಂದ್ರದ ಹೆಸರು ಹಾಕುವುದಿಲ್ಲ. ಅಲ್ಲಿ ನಮ್ಮನ್ನು ಮನೆಯವರ ಹಾಗೆ ನೋಡಿಕೊಂಡವರಿದ್ದಾರೆ, ಅಲ್ಲೇ ತೊಂದರೆಯೂ ಆಗಿದೆ. ಅದಕ್ಕಿಂತ ಜಾಸ್ತಿ, ಅವ್ವನ ಗುರುತು ಹೊರಗೆ ಬರುವುದು ನನಗೆ ಬೇಡ. ಅವ್ವ ಇರುವುದು ಭರಮಸಾಗರದ ಕಡೆ ಒಂದು ಹಳ್ಳಿಯಲ್ಲಿ. ಹೈವೇಗೆ ಬಂದು ನಿಂತರೆ ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಚಿತ್ರದುರ್ಗ.

ಕಾಯಿಲೆ ಗೊತ್ತಾಗಿದ್ದು ಕಣ್ಣಿನಿಂದ. ಎಡಗಣ್ಣಿಗೆ ಪೊರೆ ಬಂದಿತ್ತು. ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದಿನ ಗೊತ್ತು ಮಾಡಿ ರಕ್ತ ತೆಗೆದರು. ಮಾರನೇ ದಿನ ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಅವ್ವ ಬೆಂಚಿನ ಮೇಲೆ ಕೂತಿದ್ದಳು. ಕೌಂಟರ್‌ನಲ್ಲಿದ್ದವರು ಅಲ್ಲಿಂದಲೇ, ಅಷ್ಟು ಜನರ ಎದುರಿಗೆ, "ನಿಮ್ಮದು ಪಾಸಿಟಿವ್ ಬಂದೈತ್ರಿ, ಆಪರೇಷನ್ ಆಗಲ್ಲ" ಅಂದರು. ಅಷ್ಟೇ. ಏನು ಪಾಸಿಟಿವ್, ಮುಂದೆ ಎಲ್ಲಿಗೆ ಹೋಗಬೇಕು, ಒಂದು ಮಾತು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಆ ಕಡೆ ಹೋದಳು. ಅವ್ವನಿಗೆ ಅದು ಎಚ್‌ಐವಿ ಅನ್ನಿಸಿತ್ತು. ಬಸ್ಸಿನಲ್ಲಿ ಅರ್ಧ ದಾರಿ ಸುಮ್ಮನಿದ್ದು, "ನಾನೇನ್ ತಪ್ಪು ಮಾಡೀನವ್ವಾ?" ಅಂತ ಕೇಳಿದಳು. ಆ ಮಾತು ನೆನಪಾದರೆ ಈಗಲೂ ಗಂಟಲು ಕಟ್ಟುತ್ತದೆ.

ಹೆಪಟೈಟಿಸ್ ಸಿ ಇದೆ ಅಂತ ಯಾರಿಗೂ ಆಪರೇಷನ್ ಬೇಡ ಅನ್ನುವ ಹಾಗಿಲ್ಲ. ಗ್ಲೌಸ್, ಸೂಜಿ, ಉಪಕರಣ ಸ್ವಚ್ಛ ಮಾಡುವುದು ಇವೆಲ್ಲ ಬರುವ ಪ್ರತಿಯೊಬ್ಬ ರೋಗಿಗೂ ಒಂದೇ ಥರ ಇರಬೇಕು. ಟೆಸ್ಟ್ ಮಾಡಿಸದೆ ಬಂದವರ ರಕ್ತದಲ್ಲಿ ಏನಿದೆ ಅಂತ ಯಾರಿಗೆ ಗೊತ್ತು, ಅಲ್ವಾ?

ಈಗ ಹಿಂದಿನ ಕಥೆ. 1994ರಲ್ಲಿ ನನ್ನ ತಮ್ಮ ಹುಟ್ಟಿದ. ಹೆರಿಗೆ ಆದ ಮೇಲೆ ರಕ್ತ ನಿಲ್ಲಲಿಲ್ಲ, ಎರಡು ಬಾಟಲಿ ರಕ್ತ ಏರಿಸಿದರು. ಅವತ್ತು ಆ ರಕ್ತ ಸಿಗದಿದ್ದರೆ ಅವ್ವ ಉಳಿಯುತ್ತಿರಲಿಲ್ಲ. ಈ ವೈರಸ್ಸನ್ನು ವಿಜ್ಞಾನಿಗಳು ಕಂಡುಹಿಡಿದಿದ್ದು 1989ರಲ್ಲಿ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಇದರ ಪರೀಕ್ಷೆ ಕಡ್ಡಾಯ ಆಗಿದ್ದು 2001ರ ಸುಮಾರಿಗೆ. ಆ ನಡುವಿನ ವರ್ಷಗಳಲ್ಲಿ ರಕ್ತ ಏರಿಸಿಕೊಂಡವರು ಎಷ್ಟು ಜನ ಇರಬಹುದು, ಯೋಚನೆ ಮಾಡಿ. ಆದರೂ ರಕ್ತದಿಂದಲೇ ಬಂತು ಅಂತ ಡಾಕ್ಟರ್ ಖಡಾಖಂಡಿತ ಹೇಳಲಿಲ್ಲ, ಸೂಜಿಯಿಂದಲೂ ಬಂದಿರಬಹುದು ಅಂದರು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಸೈಕಲ್ ಮೇಲೆ ಬರುತ್ತಿದ್ದ ಡಾಕ್ಟರ್, ಸ್ಟೀಲ್ ಡಬ್ಬಿ, ಅದರೊಳಗೆ ಒಂದೇ ಗಾಜಿನ ಸಿರಿಂಜು. ಸ್ಟವ್ ಮೇಲೆ ನೀರು ಎರಡು ಕುದಿ ಬಂದರೆ ಆಯಿತು, ಮುಂದಿನವರಿಗೆ ಚುಚ್ಚುವುದು. ಸೂಜಿ ಹಾಕದೆ ಬರೀ ಮಾತ್ರೆ ಕೊಟ್ಟರೆ ಆ ಡಾಕ್ಟರ್ ಸರಿಯಿಲ್ಲ ಅನ್ನುವ ನಂಬಿಕೆ ಬೇರೆ.

ಮೂವತ್ತು ವರ್ಷ ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಕಾಮಾಲೆ ಆಗಲಿಲ್ಲ, ಕಣ್ಣು ಹಳದಿ ಆಗಲಿಲ್ಲ. ಸುಸ್ತು ಇತ್ತು, ಹೊಲದಲ್ಲಿ ಕೆಲಸ ಮಾಡುವ ಯಾವ ಹೆಂಗಸಿಗೆ ಸುಸ್ತು ಇಲ್ಲ? ಈ ವೈರಸ್ ಹಾಗೇ, ಸದ್ದಿಲ್ಲದೆ ಲಿವರ್ ಕೆಡಿಸುತ್ತ ಹೋಗುತ್ತದೆ. ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ, ರಕ್ತ ವಾಂತಿ ಆದ ಮೇಲೆ, ಇಲ್ಲವೇ ಲಿವರ್ ಕ್ಯಾನ್ಸರ್ ಬಂದ ಮೇಲೆ ಗೊತ್ತಾಗುತ್ತದೆ. ಕುಡಿಯದೇ ಇದ್ದವರಿಗೂ ಹೀಗಾಗಿ, "ಕುಡಿದು ಲಿವರ್ ಕೆಡಿಸಿಕೊಂಡ" ಅನ್ನಿಸಿಕೊಂಡು ಸತ್ತವರು ನಮ್ಮೂರುಗಳಲ್ಲಿ ಇಲ್ಲ ಅನ್ನುತ್ತೀರಾ?

ಆ ಮೂವತ್ತು ವರ್ಷದಲ್ಲಿ ಅವ್ವ ಎಷ್ಟು ಸಲ ಆಸ್ಪತ್ರೆಗೆ ಹೋಗಿಲ್ಲ! ಬಿಪಿ ಇದೆ, ತಿಂಗಳಿಗೊಮ್ಮೆ ಹೋಗುತ್ತಾಳೆ. ಕಾಲು ಮುರಿದಾಗ ಹೋಗಿದ್ದಳು. ಹಿಂದೆ ರಕ್ತ ಏರಿಸಿದ್ದರಾ ಅಂತ ಒಬ್ಬರೂ ಒಂದು ಸಲವೂ ಕೇಳಲಿಲ್ಲ. ಎರಡು ಸ್ಟಾರ್ ಯಾಕೆ ಅಂತ ಕೇಳುವವರಿಗೆ ಉತ್ತರ ಇದೇ.

ಸರ್ಕಾರಿ ಕೇಂದ್ರದ ದಾರಿ ನಮಗೆ ತೋರಿಸಿದ್ದು ತಮ್ಮನ ಗೆಳೆಯ, ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಅವನು ಹೇಳದಿದ್ದರೆ ನಾವು ನಾಟಿ ಔಷಧಿ ಕೊಡುವವರ ಮನೆ ಮುಂದೆ ಕ್ಯೂ ನಿಲ್ಲುತ್ತಿದ್ದೆವು, ಚಿಗವ್ವ ಆಗಲೇ ವಿಳಾಸ ತಂದಿದ್ದಳು. ನಾಟಿ ಔಷಧಿಯಿಂದ ಕಾಮಾಲೆ ಇಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ನೀರಿನಿಂದ, ಊಟದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ತಾವೇ ವಾಸಿಯಾಗುತ್ತವೆ, ಹೆಸರು ಔಷಧಿಗೆ ಬರುತ್ತದೆ. ಸಿ ಹಾಗಲ್ಲ. ದೀರ್ಘಕಾಲ ಉಳಿದುಬಿಟ್ಟ ಸಿ ಅಷ್ಟು ಸುಲಭಕ್ಕೆ ತಾನಾಗಿ ಹೋಗುವುದಿಲ್ಲ.

ಕೇಂದ್ರದಲ್ಲಿ ಮೊದಲ ದಿನ ಆಧಾರ್ ಕಾರ್ಡ್ ನೋಡಿ, ಚೀಟಿ ಮಾಡಿಸಿ, ಕಂಪ್ಯೂಟರ್‌ನಲ್ಲಿ ಹೆಸರು ಏರಿಸಿ ನಂಬರ್ ಕೊಟ್ಟರು. ಆಮೇಲೆ ಒಬ್ಬರು ಕೌನ್ಸೆಲರ್ ಮೇಡಂ ಅವ್ವನನ್ನು ಬಾಗಿಲು ಹಾಕಿದ ರೂಮಿನಲ್ಲಿ ಕೂರಿಸಿಕೊಂಡರು. "ಅಮ್ಮಾ, ಇದು ಆ ರೋಗ ಅಲ್ಲ. ಇದು ವಾಸಿ ಆಗುತ್ತೆ. ಮೊಮ್ಮಕ್ಕಳನ್ನ ಎತ್ತಿಕೊಳ್ಳಬಹುದು, ಒಂದೇ ತಟ್ಟೇಲಿ ಉಣ್ಣಬಹುದು" ಅಂದರು. ಅವ್ವ ಅತ್ತಳು. ನಾನೂ ಅತ್ತೆ. ಈ ಮೇಡಂಗೆ ಎಷ್ಟು ಸ್ಟಾರ್ ಕೊಟ್ಟರೂ ಸಾಲದು.

ಒಂದು ಮುಖ್ಯ ವಿಷಯ ಅವರೇ ತಿಳಿಸಿದರು. ಕಣ್ಣಿನ ಆಸ್ಪತ್ರೆಯಲ್ಲಿ ಮಾಡಿದ್ದು ಕಾರ್ಡ್ ಟೆಸ್ಟ್. ಅದು ಹುಡುಕುವುದು ಪ್ರತಿಕಾಯವನ್ನು, ಅಂದರೆ ವೈರಸ್ ಬಂದಿದ್ದಕ್ಕೆ ದೇಹ ತಯಾರು ಮಾಡಿದ ಕಾವಲನ್ನು. ಕಳ್ಳ ಯಾವತ್ತೋ ಮನೆಗೆ ಬಂದಿದ್ದ ಅಂತ ಅಷ್ಟೇ ಅದು ಹೇಳುತ್ತದೆ. ಈಗಲೂ ಒಳಗಿದ್ದಾನಾ ಅಂತ ತಿಳಿಯಲು ವೈರಲ್ ಲೋಡ್ ಅನ್ನುವ ಆರ್‌ಎನ್‌ಎ ಟೆಸ್ಟ್ ಬೇಕು. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು ಮೂವತ್ತು ಜನರ ದೇಹ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಓಡಿಸಿರುತ್ತದೆ. ಅಂಥವರಿಗೂ ಕಾರ್ಡ್ ಪಾಸಿಟಿವ್ ಬರುತ್ತದೆ, ಚಿಕಿತ್ಸೆ ಮಾತ್ರ ಬೇಡ. ಕಾರ್ಡ್ ಟೆಸ್ಟ್ ನೋಡಿ ಎದೆ ಒಡೆದುಕೊಂಡು ಕೂರಬೇಡಿ, ಅದನ್ನೇ ನೋಡಿ ಮಾತ್ರೆ ಶುರು ಮಾಡುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ.

ವೈರಲ್ ಲೋಡ್ ವಿಷಯದಲ್ಲೇ ನಾವು ಒದ್ದಾಡಿದ್ದು. ಹೊರಗೆ ಮಾಡಿಸಿದರೆ ನಾಲ್ಕೈದು ಸಾವಿರ ಆಗುತ್ತದೆ ಅಂದರು, ಇಲ್ಲಿ ಉಚಿತ. ಆದರೆ ರಕ್ತವನ್ನು ಬೇರೆ ಊರಿನ ಲ್ಯಾಬ್‌ಗೆ ಕಳಿಸಬೇಕಿತ್ತು. ಎರಡು ವಾರ ಬಿಟ್ಟು ಬನ್ನಿ ಅಂದರು, ಹೋದೆವು, ಬಂದಿಲ್ಲ. ಮತ್ತೆ ಒಂದು ವಾರ ಬಿಟ್ಟು ಹೋದೆವು. ಸ್ಯಾಂಪಲ್ ಸರಿ ಇರಲಿಲ್ಲವಂತೆ, ಇನ್ನೊಂದು ಸಲ ರಕ್ತ ಕೊಡಿ ಅಂದರು. ಫೋನ್ ನಂಬರ್ ಬರೆಸಿಕೊಂಡಿದ್ದರಲ್ಲ, ಒಂದು ಫೋನ್ ಮಾಡಿದ್ದರೆ ಅವ್ವನ ಒಂದು ದಿನ ಉಳಿಯುತ್ತಿತ್ತು, ಬಸ್ ಚಾರ್ಜ್ ಫ್ರೀ ಇದ್ದರೂ ದಿನ ಫ್ರೀ ಅಲ್ಲವಲ್ಲ. ಕೂಲಿಗೆ ಹೋಗುವವರಾಗಿದ್ದರೆ ಎರಡನೇ ಸಲ ಬರುತ್ತಲೇ ಇರಲಿಲ್ಲ ಅನ್ನಿಸಿತು. ನಮ್ಮ ಜೊತೆ ಮೊದಲ ದಿನ ಬೆಂಚಿನ ಮೇಲೆ ಕೂತಿದ್ದ ಹೊಳಲ್ಕೆರೆ ಕಡೆಯ ಒಬ್ಬ ಯಜಮಾನರನ್ನು ಆಮೇಲೆ ನಾನು ನೋಡಲೇ ಇಲ್ಲ. ಅವರ ನಂಬರೂ ಕಂಪ್ಯೂಟರ್‌ನಲ್ಲಿ ಇರುತ್ತದೆ, ಅವರನ್ನು ಯಾರಾದರೂ ಕರೆದರಾ?

ವೈರಸ್ ಇದೆ ಅಂತ ಖಚಿತವಾಯಿತು. ಉಳಿದ ಟೆಸ್ಟ್‌ಗಳನ್ನು ಚಕಚಕ ಮುಗಿಸಿದರು: ರಕ್ತದ ಕಣಗಳ ಲೆಕ್ಕ, ಲಿವರ್, ಕಿಡ್ನಿ, ಹೊಟ್ಟೆಯ ಸ್ಕ್ಯಾನಿಂಗ್. ಲಿವರ್‌ನ ಒಂದು ಕಿಣ್ವ ಮತ್ತು ಪ್ಲೇಟ್‌ಲೆಟ್ ಲೆಕ್ಕ ಇಟ್ಟುಕೊಂಡು, ಲಿವರ್ ಗಟ್ಟಿಯಾಗಿದೆಯಾ ಅಂತ ಡಾಕ್ಟರ್ ಅಲ್ಲೇ ಅಂದಾಜು ಮಾಡಿದರು. ಸಿರೋಸಿಸ್ ಆಗಿರಲಿಲ್ಲ, ದೇವರು ದೊಡ್ಡವನು. ಹೆಪಟೈಟಿಸ್ ಬಿ ಕೂಡ ಇದೆಯಾ ಅಂತ ನೋಡಿದರು. ಇದನ್ನು ಬಿಡಬಾರದಂತೆ, ಎರಡೂ ಇದ್ದವರಿಗೆ ಸಿ ಮಾತ್ರೆ ಶುರು ಮಾಡಿದಾಗ ಬಿ ಕೆರಳಬಹುದು. ಅವ್ವ ನುಂಗುವ ಎಲ್ಲ ಮಾತ್ರೆಯ ಸ್ಟ್ರಿಪ್ ತನ್ನಿ ಅಂದರು. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್, ಟಿಬಿಗೆ ಕೊಡುವ ರಿಫಾಂಪಿಸಿನ್, ಕೆಲವು ಫಿಟ್ಸ್ ಮಾತ್ರೆಗಳು ಇದರ ಜೊತೆ ಹೊಂದುವುದಿಲ್ಲ. ಅವ್ವನದು ಬಿಪಿ ಮಾತ್ರೆ ಒಂದೇ, ನೋಡಿ ಮುಂದುವರಿಸಿ ಅಂದರು.

ಮಾತ್ರೆ ಎರಡು, ಸೋಫೋಸ್ಬುವಿರ್ 400 ಮತ್ತು ಡಕ್ಲಾಟಾಸ್ವಿರ್ 60. ದಿನಕ್ಕೊಂದೊಂದು, ಒಂದೇ ಹೊತ್ತಿಗೆ. 28 ದಿನಕ್ಕೆ ಆಗುವಷ್ಟು ಕೊಡುತ್ತಾರೆ, ಮುಗಿಯುವ ಮೊದಲು ಹೋಗಿ ಮುಂದಿನದು ತರಬೇಕು, ಹೀಗೆ ಮೂರು ಸಲ. ಸಿರೋಸಿಸ್ ಇದ್ದವರಿಗೆ ಡಕ್ಲಾಟಾಸ್ವಿರ್ ಬದಲು ವೆಲ್ಪಾಟಾಸ್ವಿರ್ ಇರುತ್ತದೆ, ಲಿವರ್ ತುಂಬ ಕೆಟ್ಟಿದ್ದರೆ ರೈಬಾವಿರಿನ್ ಸೇರಿಸುತ್ತಾರೆ ಅಥವಾ 24 ವಾರ ಕೊಡುತ್ತಾರೆ. ಅವ್ವನಿಗೆ ಮೊದಲ ಹತ್ತು ದಿನ ಸ್ವಲ್ಪ ತಲೆನೋವು ಬಂತು. ಆಮೇಲೆ ಅದೂ ಇಲ್ಲ. ರಾತ್ರಿ ಮುದ್ದೆ ಉಂಡು, ಮಾತ್ರೆ ನುಂಗಿ, ಕ್ಯಾಲೆಂಡರ್‌ನಲ್ಲಿ ಆ ದಿನದ ಮೇಲೆ ಗೀಟು ಎಳೆಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಈ ಮಾತ್ರೆಯ ಬೆಲೆ ಓದಿ ನನಗೆ ತಲೆ ಸುತ್ತಿತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಬಂದಾಗ ಒಂದು ಮಾತ್ರೆಗೆ 1,000 ಡಾಲರ್. 12 ವಾರಕ್ಕೆ 84,000 ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 50 ಲಕ್ಷ ರೂಪಾಯಿ. ಹೊಲ, ಮನೆ, ಎಮ್ಮೆ ಎಲ್ಲ ಮಾರಿದರೂ ನಮಗೆ ಅಷ್ಟು ಹುಟ್ಟುವುದಿಲ್ಲ. 2014ರಲ್ಲಿ ಅದನ್ನು ಮಾರುತ್ತಿದ್ದ ಗಿಲಿಯಡ್ ಕಂಪನಿ ಭಾರತದ ಕಂಪನಿಗಳಿಗೆ ಇದನ್ನು ತಯಾರಿಸಲು ಪರವಾನಗಿ ಕೊಟ್ಟಿತು, ಮುಂದಿನ ವರ್ಷದಿಂದ ಇಲ್ಲಿಯದೇ ಜೆನೆರಿಕ್ ಮಾತ್ರೆ ಬಂತು, ಬೆಲೆ ಪಾತಾಳಕ್ಕೆ ಇಳಿಯಿತು. ಪಂಜಾಬ್ 2016ರಲ್ಲೇ ರಾಜ್ಯದ ದುಡ್ಡಿನಲ್ಲಿ ಉಚಿತವಾಗಿ ಕೊಡಲು ಶುರು ಮಾಡಿತು, ಎರಡು ವರ್ಷ ಬಿಟ್ಟು ಇಡೀ ದೇಶಕ್ಕೆ ಈ ಕಾರ್ಯಕ್ರಮ ಬಂತು. ಇದಕ್ಕೂ ಮೊದಲು ಇದ್ದಿದ್ದು ಇಂಟರ್‌ಫೆರಾನ್ ಇಂಜೆಕ್ಷನ್. ಆರು ತಿಂಗಳು, ಒಂದು ವರ್ಷ ಚುಚ್ಚಿಸಿಕೊಳ್ಳಬೇಕು, ಜ್ವರ, ಮೈಕೈ ನೋವು, ಮನಸ್ಸು ಕುಗ್ಗುವುದು. ಅಷ್ಟು ಮಾಡಿದರೂ ಎಷ್ಟೋ ಜನರಿಗೆ ವಾಸಿಯಾಗುತ್ತಿರಲಿಲ್ಲ. ಈಗಿನ ಮಾತ್ರೆಗೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ. ಉಚಿತವಾಗಿ ಕೊಡುವುದು ಎರಡನೇ ದರ್ಜೆಯದು ಅಂತ ನಮ್ಮ ಕಡೆ ಒಂದು ಮಾತಿದೆ. ಈ ಮಾತ್ರೆಯ ವಿಷಯದಲ್ಲಿ ದಯವಿಟ್ಟು ಆ ಮಾತು ನಂಬಬೇಡಿ.

ಮನೆಯ ವಿಷಯ ಬರೆಯಲೋ ಬೇಡವೋ ಅಂದುಕೊಂಡೆ. ಚಿಗವ್ವ ಅವ್ವನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಕೆಟ್ಟ ಮನಸ್ಸಿನಿಂದಲ್ಲ, ಮೊಮ್ಮಕ್ಕಳ ಮೇಲಿನ ಭಯದಿಂದ. ಅವ್ವ ಏನೂ ಅನ್ನದೆ ಒಂದು ವಾರ ಪಡಸಾಲೆಯ ಮೂಲೆಯಲ್ಲಿ ಕೂತು ಉಂಡಳು. ನಾನು ಊರಿಗೆ ಹೋದಾಗ ಆ ತಟ್ಟೆಯಲ್ಲೇ ಅವ್ವನ ಜೊತೆ ಕೂತು ಉಂಡೆ, ಆಮೇಲೆ ಚಿಗವ್ವನಿಗೆ ಹೇಳಿದೆ. ಇದು ಊಟದಿಂದ ಬರಲ್ಲ, ನೀರಿಂದ ಬರಲ್ಲ, ಮುಟ್ಟಿದರೆ ಬರಲ್ಲ, ಎದೆಹಾಲಿನಿಂದ ಬರಲ್ಲ. ರಕ್ತದಿಂದ ರಕ್ತಕ್ಕೆ ಹೋಗಬೇಕು. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ, ಪರೀಕ್ಷೆ ಮಾಡದ ರಕ್ತ, ಸರಿಯಾಗಿ ಸ್ವಚ್ಛ ಮಾಡದ ಡಯಾಲಿಸಿಸ್, ಜಾತ್ರೆಯಲ್ಲಿ ಎಲ್ಲರಿಗೂ ಒಂದೇ ಸೂಜಿಯಲ್ಲಿ ಹಾಕುವ ಹಚ್ಚೆ, ಕಟಿಂಗ್ ಶಾಪಿನಲ್ಲಿ ಬದಲಿಸದ ಬ್ಲೇಡು. ಮನೆಯಲ್ಲಿ ರೇಜರ್, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಮಾತ್ರ ಬೇರೆ ಇಟ್ಟರೆ ಸಾಕು. ಮರುದಿನ ಚಿಗವ್ವ ಆ ತಟ್ಟೆ ತೊಳೆದು ಉಳಿದವುಗಳ ಜೊತೆ ಜೋಡಿಸಿದಳು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಒಂದು ಸಲ ವಾಸಿಯಾದವರಿಗೂ ಮತ್ತೆ ಬರಬಹುದು, ಹಾಗಾಗಿ ಸೂಜಿಯ ಎಚ್ಚರ ಅವ್ವನಿಗೆ ಈಗಲೂ ಬೇಕು.

ಮೂರನೇ ಸಲದ ಮಾತ್ರೆ ತರುವ ದಿನ ಈರುಳ್ಳಿ ಕೀಳುವ ಸಮಯ ಬಂತು. ಮಳೆ ಮೋಡ ಬೇರೆ. ಅವ್ವನನ್ನು ಹೊಲದಿಂದ ಎಬ್ಬಿಸುವುದು ಆಗದ ಮಾತು, ನಾನೇ ಹೋದೆ. ರೋಗಿಯೇ ಬರಬೇಕು ಅಂದರು ಮೊದಲು. ಮೇಡಂ ಬಂದು, ವೀಡಿಯೋ ಕಾಲ್‌ನಲ್ಲಿ ಹೊಲದಲ್ಲಿದ್ದ ಅವ್ವನ ಜೊತೆ ಮಾತಾಡಿ, ಎಷ್ಟು ಮಾತ್ರೆ ಉಳಿದಿದೆ ಅಂತ ಕೇಳಿ ಕೊಟ್ಟರು.

ಈಗ ಎಲ್ಲರೂ ಬಿಟ್ಟುಬಿಡುವ ಭಾಗ. ಮಾತ್ರೆ ಮುಗಿದ ದಿನ ಕಾಯಿಲೆ ಮುಗಿಯಿತು ಅಂತಲ್ಲ. ಅಲ್ಲಿಂದ 12 ವಾರ ಕಾದು ಇನ್ನೊಂದು ಸಲ ವೈರಲ್ ಲೋಡ್ ಮಾಡಿಸಬೇಕು, ಆಗಲೂ ವೈರಸ್ ಕಾಣದಿದ್ದರೆ ಮಾತ್ರ ವಾಸಿ ಅನ್ನುತ್ತಾರೆ. ಈ ಟೆಸ್ಟ್‌ಗೆ ಬನ್ನಿ ಅಂತ ನಮಗೆ ಯಾರೂ ಫೋನ್ ಮಾಡಲಿಲ್ಲ, ಮೆಸೇಜ್ ಬರಲಿಲ್ಲ. ಕ್ಯಾಲೆಂಡರ್ ಎಣಿಸಿ ನಾವೇ ಹೋದೆವು. "ಕಡೇ ಟೆಸ್ಟಿಗೆ ಭಾಳ ಜನ ಬರಂಗಿಲ್ಲ ಅಕ್ಕಾರೆ, ಆರಾಮ ಅದೀವಿ ಅಂತ ಬಿಟ್ಟುಬಿಡ್ತಾರೆ" ಅಂದರು ಅಲ್ಲಿನ ಸಿಬ್ಬಂದಿ ಒಬ್ಬರು. ಹಾಗಾದರೆ ಗುಣವಾಗದೆ ಉಳಿದ ನೂರಕ್ಕೆ ನಾಲ್ಕೈದು ಜನ ಯಾರು ಅಂತ ಗೊತ್ತಾಗುವುದು ಹೇಗೆ? ದೇಶದ ಲೆಕ್ಕದಲ್ಲಿ ಅವರು ಚಿಕಿತ್ಸೆ ಪಡೆದವರು, ಅವರ ಲಿವರ್ ಮಾತ್ರ ಕೆಡುತ್ತಲೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ಹೆಸರಿದೆ, ಫೋನ್ ನಂಬರ್ ಇದೆ, ಶುರು ಮಾಡಿದ ತಾರೀಕಿದೆ. ಒಂದು ಮೆಸೇಜ್ ಕನ್ನಡದಲ್ಲಿ ಕಳಿಸುವುದು ಅಷ್ಟು ಕಷ್ಟವಾ?

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಂದು ವರದಿ ಕೊಟ್ಟಿತು. 2022ರ ಲೆಕ್ಕ ಅದು. ಭಾರತದಲ್ಲಿ ಹೆಪಟೈಟಿಸ್ ಸಿ ಇರುವವರು ಸುಮಾರು 55 ಲಕ್ಷ. ಇಡೀ ಜಗತ್ತಿನಲ್ಲಿ 5 ಕೋಟಿ. ಜಗತ್ತಿನ ಲೆಕ್ಕದಲ್ಲಿ, ಸಿ ಇರುವ ನೂರು ಜನರಲ್ಲಿ 36 ಜನರಿಗೆ ಮಾತ್ರ ತಮಗೆ ಇದೆ ಅಂತ ಗೊತ್ತಾಗಿದೆ, ಚಿಕಿತ್ಸೆ ಸಿಕ್ಕಿದ್ದು 20 ಜನರಿಗೆ. ಉಳಿದವರು ಅವ್ವನ ಹಾಗೆ ಬಸ್ಸು ಹತ್ತುತ್ತ, ಹೊಲ ಮಾಡುತ್ತ ಇದ್ದಾರೆ. ಅವ್ವನೂ ಮೊನ್ನೆ ಮೊನ್ನೆಯವರೆಗೆ ಅವರಲ್ಲಿ ಒಬ್ಬಳು. 2030ರೊಳಗೆ ಈ ಕಾಯಿಲೆಯನ್ನು ತೊಡೆದುಹಾಕುವ ಗುರಿ ಇದೆ. ಮಾತ್ರೆ ಕಪಾಟಿನಲ್ಲಿದೆ, ನುಂಗಬೇಕಾದವರು ಯಾರು ಅಂತ ಗೊತ್ತಿಲ್ಲ ಅಂದರೆ ಹೇಗೆ? ಈಜಿಪ್ಟ್ ಅಂತ ಒಂದು ದೇಶ ಮಾಡಿ ತೋರಿಸಿದೆ. ಅಲ್ಲಿ ಇನ್ನೊಂದು ಕಾಯಿಲೆಗೆ ವರ್ಷಗಟ್ಟಲೆ ಹಳ್ಳಿಹಳ್ಳಿಯಲ್ಲಿ ಗಾಜಿನ ಸಿರಿಂಜಿನಲ್ಲಿ ಚುಚ್ಚಿ ಈ ವೈರಸ್ ಹರಡಿತ್ತು, ನಮ್ಮ ಸೈಕಲ್ ಡಾಕ್ಟರ ಕಥೆಯೇ, ದೊಡ್ಡ ಮಟ್ಟದಲ್ಲಿ. 2018ರ ಅಕ್ಟೋಬರ್‌ನಿಂದ ಏಳು ತಿಂಗಳಲ್ಲಿ ಅವರು ಸುಮಾರು 5 ಕೋಟಿ ಜನರನ್ನು ಪರೀಕ್ಷೆ ಮಾಡಿದರು. ಸಿಕ್ಕವರಿಗೆ ಉಚಿತ ಮಾತ್ರೆ. ನಮ್ಮಲ್ಲಿ ಮನೆಮನೆಗೆ ಹೋಗುವ ಆಶಾ ಅಕ್ಕಂದಿರಿದ್ದಾರೆ, ಬಿಪಿ ಶುಗರ್ ನೋಡುವ ಶಿಬಿರಗಳಿವೆ. 2001ಕ್ಕಿಂತ ಮೊದಲು ರಕ್ತ ಏರಿಸಿಕೊಂಡಿದ್ದೀರಾ ಅನ್ನುವ ಒಂದು ಪ್ರಶ್ನೆ, ಹೌದು ಅಂದರೆ ಬೆರಳಿಗೆ ಒಂದು ಚುಚ್ಚು. ನಾನು ಕೇಳುತ್ತಿರುವುದು ಇಷ್ಟೇ.

ಅವ್ವನ ಕೊನೆಯ ರಿಪೋರ್ಟ್ ಸಂಕ್ರಾಂತಿ ಹಿಂದಿನ ವಾರ ಬಂತು. ವೈರಸ್ ಪತ್ತೆಯಾಗಿಲ್ಲ. ಮೇಡಂ ಅದನ್ನು ಅವ್ವನ ಕೈಗೇ ಕೊಟ್ಟು ಕೈ ಹಿಡಿದುಕೊಂಡರು. ಹಬ್ಬಕ್ಕೆ ಅವ್ವ ಅವರಿಗೆ ಎಳ್ಳುಬೆಲ್ಲ ಕಳಿಸಿದಳು.

ಆಮೇಲೆ ಪೊರೆ ಆಪರೇಷನ್‌ಗೆ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲೂ ಕಾರ್ಡ್ ಟೆಸ್ಟ್ ಮಾಡಿದರು, ಅಲ್ಲೂ ಪಾಸಿಟಿವ್! ಅವ್ವನ ಮುಖ ಬಿಳಿಚಿಕೊಂಡಿತು. ಇದು ಗುಣವಾದವರೆಲ್ಲ ತಿಳಿದಿರಬೇಕಾದ ವಿಷಯ. ವೈರಸ್ ಹೋದರೂ ಆ ಪ್ರತಿಕಾಯ ರಕ್ತದಲ್ಲಿ ಉಳಿಯುತ್ತದೆ, ಕಾರ್ಡ್ ಟೆಸ್ಟ್ ಜೀವನಪೂರ್ತಿ ಪಾಸಿಟಿವ್ ತೋರಿಸಬಹುದು. ಅದಕ್ಕೆ ಆರ್‌ಎನ್‌ಎ ರಿಪೋರ್ಟ್ ಎಲ್ಲಿಗೆ ಹೋದರೂ ಜೊತೆಗಿರಬೇಕು. ನಾನು ತೋರಿಸಿದೆ. ಅಲ್ಲಿನ ಡಾಕ್ಟರಮ್ಮ ಓದಿ, "ಇದು ವಾಸಿ ಆಗಿದೆಯಲ್ಲಮ್ಮ, ನಾಳೆ ಬೆಳಿಗ್ಗೆ ಬನ್ನಿ" ಅಂದರು. ಎಡಗಣ್ಣು ಆಯಿತು, ಬಲಗಣ್ಣಿಗೆ ಬೇಸಿಗೆ ಕಳೆದ ಮೇಲೆ. ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ. ಅವ್ವ ಅದನ್ನು ಹೊಲದ ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟಿದ್ದಾಳೆ, ಒಂದು ಜೆರಾಕ್ಸ್ ಎಲೆಅಡಿಕೆ ಚೀಲದಲ್ಲಿ.